ನೆಲವೂ ಕೊಂಚ ಡೊಂಕೇ: ಗಾಲ್ಫ್ ಐರನ್‌ಗಳ ಚರಿತ್ರೆಯಿಂದ

ಗಾಲ್ಫ್ ಸಾಮಗ್ರಿಯ ಅಂಗಡಿಯಲ್ಲಿ ಐರನ್‌ಗಳನ್ನು ತೋರಿಸಿ ಎಂದರೆ ಮಾರುವವರು ಬೆಲೆಯ ಮಾತಿಗೂ ಮೊದಲು ಕೇಳುವ ಪ್ರಶ್ನೆ, 'ನಿಮ್ಮ ಹ್ಯಾಂಡಿಕ್ಯಾಪ್ ಎಷ್ಟು?' ಎಂಬುದು. ಆಟಗಾರನ ಕೌಶಲವನ್ನು ಒಂದೇ ಅಂಕಿಯಲ್ಲಿ ಹೇಳಿಬಿಡುವ ಕ್ರಮವದು. ಅಂಕಿ ಸೊನ್ನೆಗೆ ಹತ್ತಿರವಾದಷ್ಟೂ ಆಟಗಾರ ಪಳಗಿದವನು, ಏರಿದಷ್ಟೂ ಹೊಸಬ. 2020ರಲ್ಲಿ ಜಾರಿಗೆ ಬಂದ ಜಾಗತಿಕ ಪದ್ಧತಿಯಲ್ಲಿ ಅದರ ಗರಿಷ್ಠ ಮಿತಿ 54. ನಾವು ಹೇಳುವ ಅಂಕಿಗೆ ತಕ್ಕಂತೆ ಅಂಗಡಿಯವರ ಕೈ ಬೇರೆ ಬೇರೆ ಕಪಾಟುಗಳತ್ತ ಹೋಗುತ್ತದೆ. ಒಬ್ಬನಿಗೆ ಚಾಕುವಿನಂತೆ ತೆಳ್ಳಗೆ ಹೊಳೆಯುವ ಉಕ್ಕಿನ ತುಂಡು, ಮತ್ತೊಬ್ಬನಿಗೆ ಬೆನ್ನಲ್ಲಿ ಗುಳಿ ತೋಡಿದ, ಅಡಿ ಅಗಲವಾದ ದಪ್ಪ ತಲೆ. ಇಂದು ಇದು ಚಪ್ಪಲಿ ಕೊಳ್ಳುವಾಗ ಪಾದದ ಅಳತೆ ಕೇಳುವಷ್ಟು ಸಹಜವೆನಿಸುತ್ತದೆ. ಆದರೆ ಸ್ಕಾಟ್ಲೆಂಡಿನ ಸಂಸತ್ತು ಗಾಲ್ಫನ್ನು ನಿಷೇಧಿಸಿದ್ದು 1457ರಲ್ಲಿ. ಅಷ್ಟು ಹಳೆಯ ಆಟದಲ್ಲಿ, ಐರನ್ ಕೊಳ್ಳುವವನ ಕೌಶಲವನ್ನು ವಿಚಾರಿಸುವ ಈ ಪ್ರಶ್ನೆಗೆ ಹೆಚ್ಚೆಂದರೆ ಅರ್ಧ ಶತಮಾನದ ವಯಸ್ಸು. ಅದಕ್ಕೂ ಮುಂಚೆ ಕೋಲು ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ. ಅದು ಹೇಗಿತ್ತೋ ಹಾಗೇ ಇರುತ್ತಿತ್ತು; ಆಟಗಾರನೇ ಅದಕ್ಕೆ ಹೊಂದಿಕೊಳ್ಳಬೇಕಿತ್ತು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆಯನ್ನು ನಾವೆಲ್ಲ ಕೇಳುತ್ತಲೇ ಬೆಳೆದಿದ್ದೇವೆ. ಹಾಗೆ ದೂರಿದವನೊಬ್ಬ ನಿಜವಾಗಿಯೂ ನೆಲವನ್ನು ಅಳೆದು ನೋಡಿ, ಅದು ಡೊಂಕೇ ಎಂದು ತೋರಿಸಿಕೊಟ್ಟ ಕಥೆ ಐರನ್‌ಗಳ ಚರಿತ್ರೆಯಲ್ಲಿದೆ. ಈ ಲೇಖನಕ್ಕೆ ನೆವವಾದದ್ದು ಅದೇ.

ಆಟ ಆಡದ ಓದುಗರಿಗಾಗಿ ಒಂದು ಮಾತು. ಗಾಲ್ಫಿನ ಕೋಲನ್ನೂ ಕ್ಲಬ್ ಎನ್ನುತ್ತಾರೆ, ಆಡುವವರ ಸಂಘವನ್ನೂ ಕ್ಲಬ್ ಎನ್ನುತ್ತಾರೆ. ಗೊಂದಲವಾಗದಿರಲೆಂದು ನಾವಿಲ್ಲಿ ಮೊದಲಿನದನ್ನು ಕೋಲು ಎಂದೇ ಕರೆಯುತ್ತೇವೆ. ದೂರ ಹೊಡೆಯುವುದಕ್ಕೆ ವುಡ್, ಕೊನೆಯಲ್ಲಿ ಚೆಂಡನ್ನು ಕುಳಿಗೆ ಉರುಳಿಸುವುದಕ್ಕೆ ಪಟ್ಟರ್, ಇವೆರಡರ ನಡುವಿನ ಎಲ್ಲ ಕೆಲಸಕ್ಕೂ ಐರನ್. ಐರನ್‌ನ ಮುಖ ಹಿಂದಕ್ಕೆ ವಾಲಿರುತ್ತದೆ. ಅದರ ಸಂಖ್ಯೆ ಹೆಚ್ಚಾದಷ್ಟೂ ವಾಲು ಹೆಚ್ಚು. ಚೆಂಡು ಮೇಲಕ್ಕೆ ಏರಿ ಹತ್ತಿರದಲ್ಲೇ ಬೀಳುತ್ತದೆ. ಸಂಖ್ಯೆ ಕಡಿಮೆಯಾದಂತೆ ಚೆಂಡು ತಗ್ಗಾಗಿ, ದೂರಕ್ಕೆ ಹೋಗುತ್ತದೆ. ಹೋಗಬೇಕು ಎನ್ನುವುದು ಸರಿ. ಸಣ್ಣ ಸಂಖ್ಯೆಯ ಐರನ್ ಹೊಸಬರ ಕೈಯಲ್ಲಿ ಹೇಳಿದ ಮಾತು ಕೇಳುವುದು ಅಪರೂಪ.

ಹತ್ತೊಂಬತ್ತನೆಯ ಶತಮಾನದ ನಡುಗಾಲದವರೆಗೂ ಸ್ಕಾಟ್ಲೆಂಡಿನ ಆಟಗಾರರು ಕಬ್ಬಿಣದ ಕೋಲನ್ನು ಬಳಸುತ್ತಿದ್ದುದೇ ಕಡಿಮೆ. ಕಾರಣ ಚೆಂಡು. ತೊಗಲಿನ ಚೀಲದೊಳಗೆ ಹಕ್ಕಿಯ ಗರಿಗಳನ್ನು ಗಿಡಿದು ಹೊಲಿದ ಚೆಂಡು ಅದು. ಒಬ್ಬ ಕುಶಲ ಕೆಲಸಗಾರನಿಗೆ ದಿನಕ್ಕೆ ಮೂರೋ ನಾಲ್ಕೋ ಮಾಡಲಾಗುತ್ತಿತ್ತು. ಬೆಲೆ ದುಬಾರಿ. ಕಬ್ಬಿಣದ ಏಟು ಎಡವಟ್ಟಾಗಿ ಬಿದ್ದರೆ ಹೊಲಿಗೆ ಬಿಚ್ಚಿ ಗರಿಯೆಲ್ಲ ಹೊರಗೆ. ಆದ್ದರಿಂದ ಮರದ ಕೋಲಿನಲ್ಲೇ ಆಡುವುದು ವಾಡಿಕೆಯಾಗಿ, ಕಬ್ಬಿಣವು ಕಲ್ಲು, ಪೊದೆ, ಗಾಡಿಯ ಜಾಡಿನಂಥ ಕೆಟ್ಟ ಜಾಗಗಳಿಂದ ಪಾರಾಗಲು ಮೀಸಲಾಗಿತ್ತು. 1848ರ ಸುಮಾರಿಗೆ ಗಟ್ಟಾ ಪರ್ಚಾ ಎಂಬ ಮರದ ಹಾಲಿನಿಂದ ಮಾಡಿದ ಅಗ್ಗದ ಗಟ್ಟಿ ಚೆಂಡು ಬಂದು ಈ ಲೆಕ್ಕವನ್ನು ತಲೆಕೆಳಗು ಮಾಡಿತು. ಸೇಂಟ್ ಆಂಡ್ರೂಸ್‌ನಲ್ಲಿ ಗರಿಚೆಂಡಿನ ವ್ಯಾಪಾರ ನಡೆಸುತ್ತಿದ್ದ ಅಲನ್ ರಾಬರ್ಟ್‌ಸನ್ ತನ್ನ ಸಹಾಯಕ ಟಾಮ್ ಮಾರಿಸ್ ಹೊಸ ಚೆಂಡಿನಲ್ಲಿ ಆಡಿದ್ದನ್ನು ಕಂಡು ಸಿಡಿದು, ಇಬ್ಬರೂ ಬೇರೆಯಾದರು. ತಮಾಷೆಯೆಂದರೆ ಆ ಚೆಂಡಿನ ಮೇಲೆ ಕಬ್ಬಿಣದ ಕೋಲನ್ನು ಚೆನ್ನಾಗಿ ಪ್ರಯೋಗಿಸಿ ತೋರಿಸಿದವರಲ್ಲಿ ಮುಂದೆ ಅದೇ ರಾಬರ್ಟ್‌ಸನ್ನನೂ ಒಬ್ಬನಾದ. ಮಾರಿಸನ ಮಗ, 'ಯಂಗ್ ಟಾಮ್' ಎಂದೇ ಹೆಸರಾದವನು, ಗಾಡಿಜಾಡಿನಿಂದ ಚೆಂಡನ್ನು ಎತ್ತಲೆಂದೇ ಮಾಡಿದ್ದ ರಟ್ ಐರನ್ ಅನ್ನು ಸಮತಟ್ಟಾದ ಹುಲ್ಲಿನ ಮೇಲೂ ಬಳಸಿ, ಚೆಂಡನ್ನು ಎತ್ತರಕ್ಕೆ ಹಾರಿಸಿ ಕುಳಿಯ ಹತ್ತಿರ ಇಳಿಸುವುದನ್ನು ರೂಢಿಸಿಕೊಂಡ. ಕೋಲನ್ನು ಯಾವ ಕೆಲಸಕ್ಕೆ ಮಾಡಿದ್ದರೋ ಆ ಕೆಲಸಕ್ಕಲ್ಲದೆ ತನ್ನ ಕೈಗೆ ಒಗ್ಗಿದ ಕೆಲಸಕ್ಕೆ ಆರಿಸಿಕೊಂಡ ಮೊದಲಿಗರಲ್ಲಿ ಆತನನ್ನು ಎಣಿಸಬಹುದು.

ಆಗ ಐರನ್ ಮಾಡುತ್ತಿದ್ದವರು ಕಮ್ಮಾರರು. ಕುಲುಮೆಯಲ್ಲಿ ಕಾಯಿಸಿ ಬಡಿದು ರೂಪಿಸಿದ ಒಂದು ತಲೆಯಂತೆ ಇನ್ನೊಂದು ಇರುತ್ತಿರಲಿಲ್ಲ. ಸೇಂಟ್ ಆಂಡ್ರೂಸ್‌ನ ಟಾಮ್ ಸ್ಟೀವರ್ಟ್ ತನ್ನ ತಲೆಗಳ ಮೇಲೆ ತಂಬಾಕಿನ ಕೊಳವೆಯ ಗುರುತು ಒತ್ತುತ್ತಿದ್ದ. ಹಳೆಯ ಕೋಲುಗಳನ್ನು ಸಂಗ್ರಹಿಸುವವರು ಇಂದಿಗೂ ಆ ಗುರುತನ್ನು ಹುಡುಕುತ್ತಾರೆ. ಸಂಖ್ಯೆಗಳ ಬದಲು ಹೆಸರುಗಳಿದ್ದವು: ಕ್ಲೀಕ್, ಮ್ಯಾಶಿ, ನಿಬ್ಲಿಕ್, ಎರಡರ ನಡುವಿನ ಮ್ಯಾಶಿ-ನಿಬ್ಲಿಕ್. ಹಿಕರಿ ಮರದ ಹಿಡಿಯೂ ಒಂದೊಂದು ಒಂದೊಂದು ಬಗೆ: ಕೆಲವು ಬಾಗುತ್ತಿದ್ದವು, ಕೆಲವು ಜಗ್ಗುತ್ತಿರಲಿಲ್ಲ. ಹೀಗಾಗಿ ಆಟಗಾರ ಒಂದೊಂದನ್ನೂ ಕೈಯಲ್ಲಿ ತೂಗಿ, ಬೀಸಿ ನೋಡಿ, ವರ್ಷಗಟ್ಟಲೆ ಕೂಡಿಸಿಕೊಳ್ಳಬೇಕಿತ್ತು. ಅದೂ ಆಯ್ಕೆಯೇ. ಆದರೆ ಅದು ಬಲ್ಲವರ ಆಯ್ಕೆ. ಬೀಸಿ ನೋಡಿದರೆ ಏನು ತಿಳಿಯಬೇಕು ಎಂಬುದು ಗೊತ್ತಿದ್ದವನಿಗೆ ಮಾತ್ರ ಅದು ದಕ್ಕುತ್ತಿತ್ತು.

ಉಕ್ಕಿನ ಹಿಡಿ ಇದನ್ನು ಬದಲಿಸಿತು. ಅಮೆರಿಕದಲ್ಲಿ 1920ರ ದಶಕದ ನಡುವೆ, ಬ್ರಿಟನ್ನಿನಲ್ಲಿ 1929ರಲ್ಲಿ ಅದಕ್ಕೆ ಒಪ್ಪಿಗೆ ದೊರೆತ ಮೇಲೆ ಕಾರ್ಖಾನೆಗಳು ಒಂದೇ ತೂಕದ, ಒಂದೇ ಬಾಗಿನ ಕೋಲುಗಳನ್ನು ಸಾಲಾಗಿ ತಯಾರಿಸತೊಡಗಿದವು. ಹಳೆಯ ಹೆಸರುಗಳು ಅಳಿದು ಸಂಖ್ಯೆಗಳು ಬಂದವು. ಬೇಕಾದಷ್ಟು ಕೋಲು ಹೊರುವ ಚಾಳಿ ಎಲ್ಲಿಗೆ ಮುಟ್ಟಿತೆಂದರೆ ಕೆಲವರ ಚೀಲದಲ್ಲಿ ಇಪ್ಪತ್ತೈದು ಮೂವತ್ತು ಕೋಲು ಸೇರಿಕೊಂಡವು. ಹೊರುವ ಕ್ಯಾಡಿಯ ಬೆನ್ನು ಯಾರ ಲೆಕ್ಕದಲ್ಲೂ ಇರಲಿಲ್ಲ. ಅಮೆರಿಕದ ಸಂಸ್ಥೆ 1938ರಲ್ಲಿ, ಮರುವರ್ಷ ಬ್ರಿಟನ್ನಿನ ಸಂಸ್ಥೆ, 14 ಕೋಲುಗಳ ಮಿತಿ ಹಾಕಿದವು. ಇಂದಿಗೂ ಮಿತಿ ಅದೇ.

ಈ ಕಾಲದ ಐರನ್ ಅನ್ನು ಬ್ಲೇಡ್ ಎನ್ನುತ್ತಾರೆ. ಒಂದೇ ಗಟ್ಟಿ ಉಕ್ಕಿನಿಂದ ಬಡಿದು ಮಾಡಿದ, ಬೆನ್ನು ತುಂಬಿದ ತೆಳು ತಲೆ. ಅದರ ತೂಕದ ಹೆಚ್ಚು ಭಾಗ ಮುಖದ ನಡುವಿನ ಹಿಂದೆ ಕೂಡಿಕೊಂಡಿರುತ್ತದೆ. ಚೆಂಡು ಅಲ್ಲಿಗೇ, ಒಂದು ನಾಣ್ಯದಷ್ಟು ಜಾಗಕ್ಕೇ ತಗುಲಿದರೆ ಕೈಗೆ ಏಟಿನ ಅರಿವೂ ಆಗದಷ್ಟು ನಯ. ಅರ್ಧ ಅಂಗುಲ ತಪ್ಪಿದರೆ ತಲೆ ತಿರುಚಿಕೊಳ್ಳುತ್ತದೆ, ಮುಖ ಓರೆಯಾಗುತ್ತದೆ, ಚೆಂಡು ದಾರಿ ಬಿಟ್ಟು ಅರ್ಧದಲ್ಲೇ ಬೀಳುತ್ತದೆ; ಚಳಿಗಾಲದ ಬೆಳಗಾದರೆ ಬೆರಳುಗಳು ಝುಮ್ಮೆನ್ನುತ್ತವೆ. ಬೆನ್ ಹೋಗನ್ ಈ ಬ್ಲೇಡಿನ ಯುಗದ ಋಷಿ. ಭೀಕರ ಕಾರು ಅಪಘಾತದಿಂದ ಎದ್ದು ಬಂದ ಮರುವರ್ಷ, 1950ರ ಅಮೆರಿಕನ್ ಓಪನ್‌ನಲ್ಲಿ ಮೆರಿಯನ್ ಮೈದಾನದ ಕೊನೆಯ ಕುಳಿಗೆ ಆತ 1-ಐರನ್ ಬೀಸಿದ ಕ್ಷಣದ ಛಾಯಾಚಿತ್ರ ಆಟದ ಅತ್ಯಂತ ಪ್ರಸಿದ್ಧ ಚಿತ್ರಗಳಲ್ಲೊಂದು. 1953ರಲ್ಲಿ ಸ್ವಂತ ಕಂಪನಿ ತೆರೆದಾಗ, ಮೊದಲ ಕಂತಿನ ಕೋಲುಗಳು ತನ್ನ ಮನಸ್ಸಿಗೆ ಬರಲಿಲ್ಲವೆಂದು ಮಾರಾಟಕ್ಕೆ ಬಿಡದೆ ಎಲ್ಲವನ್ನೂ ತಿರಸ್ಕರಿಸಿದ. ಆ ನಿಷ್ಠೆಗೆ ನಾವು ತಲೆಬಾಗುತ್ತೇವೆ. ಆದರೂ ಒಂದು ಮಾತು ಉಳಿಯುತ್ತದೆ: ಕಾರ್ಖಾನೆಯ ಮಾದರಿ ಹೋಗನ್ನನಂಥವರ ಕೈ, ಕೊಳ್ಳುವವರು ಭಾನುವಾರ ಮಾತ್ರ ಆಡುವ ವೈದ್ಯರು, ಗುಮಾಸ್ತರು, ವ್ಯಾಪಾರಿಗಳು. ಅವರ ಹೊಡೆತ ಹಾಳಾದರೆ ತಪ್ಪು ಅವರದೇ ಎಂಬುದರಲ್ಲಿ ಮಾರುವವನಿಗೂ ಅನುಮಾನವಿರಲಿಲ್ಲ, ಕೊಳ್ಳುವವನಿಗೂ ಇರಲಿಲ್ಲ.

ಅನುಮಾನ ಬಂದದ್ದು ಕಾರ್ಸ್ಟನ್ ಸೋಲ್‌ಹೈಮ್ ಎಂಬವರಿಗೆ. 1911ರಲ್ಲಿ ನಾರ್ವೆಯ ಬರ್ಗೆನ್‌ನಲ್ಲಿ ಹುಟ್ಟಿ, ಮಗುವಾಗಿದ್ದಾಗಲೇ ತಂದೆತಾಯಿಯೊಂದಿಗೆ ಅಮೆರಿಕದ ಸಿಯಾಟಲ್‌ಗೆ ಬಂದವರು. ತಂದೆ ಚಮ್ಮಾರ, ಮಗನೂ ಆ ಕಸುಬು ಮಾಡಿದರು. ಬಳಿಕ ಎಂಜಿನಿಯರ್ ಆಗಿ ವಿಮಾನ ಕಾರ್ಖಾನೆಗಳಲ್ಲಿಯೂ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿಯೂ ದುಡಿದರು. ಗಾಲ್ಫ್ ಹಿಡಿದಾಗ ವಯಸ್ಸು ನಲವತ್ತು ದಾಟಿತ್ತು, ಕರೆದವರು ಸಹೋದ್ಯೋಗಿಗಳು. ಎಲ್ಲ ಹೊಸಬರಂತೆ ಅವರಿಗೂ ಪಟ್ಟರ್ ಕೈಹತ್ತಲಿಲ್ಲ. ಎಲ್ಲ ಹೊಸಬರಂತೆ ಅವರೂ ಕೋಲನ್ನೇ ದೂರಿದರು. ವ್ಯತ್ಯಾಸವಿಷ್ಟೇ, ದೂರಿ ಸುಮ್ಮನಾಗದೆ ಮನೆಯ ಗ್ಯಾರೇಜಿನಲ್ಲಿ ಕುಳಿತು ಲೆಕ್ಕ ಹಾಕಿದರು. ತೂಕವನ್ನು ನಡುವಿನಿಂದ ತೆಗೆದು ಎರಡೂ ತುದಿಗಳಿಗೆ ಹಂಚಿದರೆ ತಲೆ ತಿರುಚುವುದು ತಗ್ಗುತ್ತದೆ ಎಂದು ಅವರಿಗೆ ಹೊಳೆಯಿತು. 1959ರಲ್ಲಿ ಹಾಗೆ ಮಾಡಿದ ಮೊದಲ ಪಟ್ಟರ್ ಚೆಂಡಿಗೆ ತಾಗಿದಾಗ 'ಪಿಂಗ್' ಎಂದು ನಾದ ಹೊಮ್ಮಿಸಿತು. ಕಂಪನಿಯ ಹೆಸರೂ ಅದೇ ಆಯಿತು.

ಇದರ ಹಿಂದಿನ ತತ್ವಕ್ಕೆ ಭೌತಶಾಸ್ತ್ರದ ಪುಸ್ತಕದಲ್ಲಿ ದೊಡ್ಡ ಹೆಸರಿದೆ. ದೊಂಬರು ಹಗ್ಗದ ಮೇಲೆ ನಡೆಯುವಾಗ ಅಡ್ಡಲಾಗಿ ಹಿಡಿಯುವ ಉದ್ದನೆಯ ಗಳವನ್ನು ನೆನೆದರೆ ನಮಗೆ ಅಷ್ಟೇ ಸಾಕು. ಅದೇ ತೂಕದ ಗುಂಡು ಕಲ್ಲನ್ನು ಎದೆಗೆ ಅವುಚಿಕೊಂಡರೆ ಪ್ರಯೋಜನವಿಲ್ಲ. ತೂಕ ದೂರ ದೂರ ಚಾಚಿದ್ದರೆ ಮಾತ್ರ ಮೈ ವಾಲುವುದು ನಿಧಾನವಾಗಿ, ಸಾವರಿಸಿಕೊಳ್ಳಲು ವೇಳೆ ಸಿಗುತ್ತದೆ. ಸೋಲ್‌ಹೈಮ್ ಇದನ್ನೇ ಐರನ್‌ಗೂ ಅನ್ವಯಿಸಿದರು. 1960ರ ದಶಕದ ಆರಂಭದಲ್ಲಿ ಬಡಿದು ಮಾಡಿದ ತಲೆಗಳ ಬೆನ್ನನ್ನು ಯಂತ್ರದಿಂದ ಕೊರೆದು ನೋಡಿದರು. 1967ರಲ್ಲಿ ನೌಕರಿ ಬಿಟ್ಟರು. 1969ರಲ್ಲಿ ಬಂದ ಕೆ1 ಐರನ್‌ಗಳನ್ನು ಬಡಿದು ಮಾಡಿರಲಿಲ್ಲ, ಅಚ್ಚಿನಲ್ಲಿ ಎರೆದಿದ್ದರು. ಬೆನ್ನಿನಲ್ಲಿ ಗುಳಿ, ಅಂಚಿನ ಸುತ್ತ ಉಕ್ಕು. ಬಡಿಗೆಯ ಕೆಲಸದಲ್ಲಿ ಇಂಥ ಆಕಾರ ತರುವುದು ಕಷ್ಟ, ದುಬಾರಿ, ಎರಕದಲ್ಲಿ ಸುಲಭ.

ಎರಕದ ಈ ವಿಧಾನ ಕನ್ನಡಿಗರಿಗೆ ಹೊಸದೇನಲ್ಲ. ಮೇಣದಲ್ಲಿ ಮಾದರಿ ಮಾಡಿ, ಅದರ ಸುತ್ತ ಮಣ್ಣಿನಂಥ ಪದಾರ್ಥವನ್ನು ಪದರಪದರವಾಗಿ ಮೆತ್ತಿ, ಒಣಗಿಸಿ, ಕಾಯಿಸಿ ಮೇಣವನ್ನು ಹರಿಸಿ ತೆಗೆದು, ಖಾಲಿಯಾದ ಜಾಗಕ್ಕೆ ಕರಗಿದ ಲೋಹ ಹೊಯ್ಯುವುದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ದೇವರ ಬಿಂಬಗಳನ್ನು ಎರೆಯುವ ಕ್ರಮವಾಗಿ ಇದರ ವಿವರಣೆಯಿದೆ. ಮೊದಲು ಮೇಣವನ್ನು ತೂಗಿ ಅದಕ್ಕೆ ತಕ್ಕ ಪ್ರಮಾಣದಲ್ಲಿ ಲೋಹ ತೆಗೆದುಕೊಳ್ಳುವ ಲೆಕ್ಕವೂ ಉಂಟು. ಗಾಲ್ಫ್ ಕೋಲಿನ ಮೂಲ ಬಸವಕಲ್ಯಾಣದಲ್ಲಿದೆ ಎಂದು ಯಾರಾದರೂ ವಾಟ್ಸಾಪಿನಲ್ಲಿ ಹರಡುವ ಮುನ್ನ ಹೇಳಿಬಿಡುತ್ತೇವೆ: ಸೋಲ್‌ಹೈಮ್‌ಗೆ ಈ ವಿದ್ಯೆ ದೊರೆತದ್ದು ಅಮೆರಿಕದ ಕೈಗಾರಿಕೆಯಿಂದ, ಅಲ್ಲಿ ವಿಮಾನದ ಎಂಜಿನ್ನಿನ ಭಾಗಗಳನ್ನು ಹೀಗೆ ಎರೆಯುತ್ತಿದ್ದರು. ಆದರೆ ಕ್ರಮ ಒಂದೇ ಬಗೆಯದು. ಕಮ್ಮಾರನ ಕೈಯಲ್ಲಿದ್ದ ಐರನ್ ಕಂಚುಗಾರನ ಕೈಗೆ ಬಂದಿತು ಎಂದರೆ ಈ ತಿರುವಿನ ಸಾರವನ್ನು ಹೇಳಿದಂತೆಯೇ.

ಸೋಲ್‌ಹೈಮ್‌ರ ಇನ್ನೊಂದು ಕೆಲಸ ಇದಕ್ಕಿಂತ ಕಡಿಮೆ ಸುದ್ದಿಯಾಯಿತು, ನಮ್ಮ ದೃಷ್ಟಿಯಲ್ಲಿ ಇದಕ್ಕಿಂತ ದೊಡ್ಡದು. ಐರನ್‌ನ ಅಡಿ ನೆಲಕ್ಕೆ ಸಮವಾಗಿ ಕೂರಬೇಕು. ಉದ್ದನೆಯವನ ಅಂಗೈ ನೆಲದಿಂದ ಎತ್ತರದಲ್ಲಿರುವುದರಿಂದ ಅವನು ಹಿಡಿದಾಗ ತಲೆಯ ಹಿಮ್ಮಡಿ ಮೇಲೇಳುತ್ತದೆ. ಗಿಡ್ಡನೆಯವನು ಹಿಡಿದಾಗ ತುದಿ ಮೇಲೇಳುತ್ತದೆ. ತುದಿ ಎದ್ದರೆ ಬಲಗೈ ಆಟಗಾರನ ಚೆಂಡು ಎಡಕ್ಕೆ, ಹಿಮ್ಮಡಿ ಎದ್ದರೆ ಬಲಕ್ಕೆ. ಬೀಸು ಎಷ್ಟೇ ಸರಿಯಿರಲಿ, ಫಲ ವಕ್ರ. 1970ರ ದಶಕದ ಆರಂಭದಲ್ಲಿ ಪಿಂಗ್ ಆಟಗಾರನ ಎತ್ತರವನ್ನೂ ಮಣಿಕಟ್ಟಿನಿಂದ ನೆಲಕ್ಕಿರುವ ದೂರವನ್ನೂ ಅಳೆದು, ತಲೆಯ ಕೋನವನ್ನು ನಿರ್ಧರಿಸುವ ಪಟ್ಟಿಯೊಂದನ್ನು ತಯಾರಿಸಿ, ಒಂದೊಂದು ಕೋನಕ್ಕೂ ಒಂದೊಂದು ಬಣ್ಣದ ಚುಕ್ಕೆ ಕೊಟ್ಟಿತು. ಕಪ್ಪು ಚುಕ್ಕೆ ಸಾಮಾನ್ಯ ಅಳತೆ. ಉಳಿದ ಬಣ್ಣಗಳು ಅದರ ಆಚೀಚೆ. ಚಮ್ಮಾರನ ಮಗ ಕಾಲಿನ ಅಳತೆ ತೆಗೆಯದೆ ಜೋಡು ಹೊಲಿಯುವುದುಂಟೇ! ಗಮನಿಸಬೇಕಾದದ್ದು, ಈ ಚುಕ್ಕೆಗಳು ಕೌಶಲವನ್ನು ಕೇಳುವುದಿಲ್ಲ. ಮೈಯನ್ನು ಮಾತ್ರ ಕೇಳುತ್ತವೆ. ಪಳಗಿದವನಿಗೂ ಹೊಸಬನಿಗೂ ಇಲ್ಲಿ ಒಂದೇ ಸಾಲು. ಇಂದು ಐರನ್ ಆರಿಸುವವರು ಹ್ಯಾಂಡಿಕ್ಯಾಪಿನ ಮಾತಿಗೆ ಮರುಳಾಗಿ ಈ ಅಳತೆಯನ್ನೇ ಮರೆಯುವುದನ್ನು ಕಂಡರೆ ನಮಗೆ ಬೇಸರವಾಗುತ್ತದೆ.

ಬ್ಲೇಡಿನ ಚೆಲುವಿಗೆ ಒಗ್ಗಿದವರಿಗೆ ಹೊಸ ಐರನ್‌ಗಳು ಗುದ್ದಲಿಯಂತೆ ಕಂಡವು. ಕೊಳ್ಳುವವರು ಮಾತ್ರ ಕೊಂಡರು. 1982ರಲ್ಲಿ ಬಂದ ಪಿಂಗ್ ಐ2 ಅತಿ ಹೆಚ್ಚು ಮಾರಾಟವಾದ ಐರನ್‌ಗಳಲ್ಲೊಂದಾಯಿತು. ಅದರ ಬೆನ್ನಲ್ಲೇ ಜಗಳ. ಐರನ್‌ನ ಮುಖದ ಮೇಲಿನ ಗೀರುಗಳು ಅದುವರೆಗೆ ಇಂಗ್ಲಿಷಿನ 'ವಿ' ಅಕ್ಷರದ ಆಕಾರದಲ್ಲಿರಬೇಕಿತ್ತು. ಎರಕದಲ್ಲಿ 'ಯು' ಆಕಾರವೇ ಸಲೀಸೆಂದು 1984ರಲ್ಲಿ ಅದಕ್ಕೂ ಒಪ್ಪಿಗೆ ಸಿಕ್ಕಿತು. ಆ ಗೀರುಗಳ ಚೂಪು ಅಂಚು ಚೆಂಡಿನ ಸಿಪ್ಪೆ ಸುಲಿಯುತ್ತಿದ್ದುದರಿಂದ ಪಿಂಗ್ ಅಂಚುಗಳನ್ನು ಕೊಂಚ ದುಂಡಾಗಿಸಿತು. ದುಂಡಾಗಿಸಿದ್ದರಿಂದ ಗೀರು ಅಗಲವಾಯಿತು, ಗೀರುಗಳ ನಡುವಿನ ಅಂತರ ನಿಯಮಕ್ಕಿಂತ ಕಡಿಮೆಯಾಯಿತು ಎಂದು ಅಮೆರಿಕದ ಗಾಲ್ಫ್ ಸಂಸ್ಥೆ 1987ರಲ್ಲಿ ತೀರ್ಪು ಕೊಟ್ಟಿತು. ತಲೆಗೂದಲಿನಷ್ಟು ಅಗಲದ ವಿಷಯ ನ್ಯಾಯಾಲಯಕ್ಕೆ ಹೋಯಿತು. ಪಿಂಗ್ ಹತ್ತು ಕೋಟಿ ಡಾಲರಿನ ದಾವೆ ಹೂಡಿತು. 1990ರಲ್ಲಿ ಸಂಸ್ಥೆಯೊಂದಿಗೆ, 1993ರಲ್ಲಿ ವೃತ್ತಿಪರರ ಪಿಜಿಎ ಟೂರ್‌ನೊಂದಿಗೆ ರಾಜಿಯಾಯಿತು. ಆ ರಾಜಿಯ ಪ್ರಕಾರ 1990ರ ಏಪ್ರಿಲ್ 1ಕ್ಕೆ ಮುಂಚೆ ತಯಾರಾದ ಐ2ಗಳು ಶಾಶ್ವತವಾಗಿ ಕ್ರಮಬದ್ಧ. ಇಪ್ಪತ್ತು ವರ್ಷದ ಬಳಿಕ, 2010ರಲ್ಲಿ, ಹೊಸ ಗೀರುಗಳ ನಿಯಮ ಬಂದಾಗ ಫಿಲ್ ಮಿಕಲ್‌ಸನ್ ಅಂಥದೊಂದು ಹಳೆಯ ಐ2 ವೆಜ್ ಅನ್ನು ಚೀಲದಿಂದ ತೆಗೆದು ಆಡಿ ದೊಡ್ಡ ರಂಪವೆಬ್ಬಿಸಿದರು. ಕೊನೆಗೆ ಪಿಂಗ್ ಕಂಪನಿಯೇ ವೃತ್ತಿಪರ ಸ್ಪರ್ಧೆಗಳ ಮಟ್ಟಿಗೆ ತನ್ನ ಹಕ್ಕನ್ನು ಬಿಟ್ಟುಕೊಟ್ಟಿತು. ಹುಲ್ಲಿನ ನಡುವಿನಿಂದ ಚೆಂಡನ್ನು ಸುತ್ತಿಸಿ ನಿಲ್ಲಿಸುವ ಈ ಗೀರುಗಳ ಲಾಭ ಹೆಚ್ಚಾಗಿ ಪಳಗಿದ ಕೈಗಳಿಗೇ. ಭಾನುವಾರದ ಆಟಗಾರನಿಗೆ ಬೇಕಾದದ್ದು ಬೆನ್ನಿನ ಗುಳಿ. ಜಗಳ ನಡೆದದ್ದು ಗೀರಿನ ಮೇಲೆ, ಗುಳಿಯನ್ನು ಯಾರೂ ತಡೆಯಲಿಲ್ಲ.

ಅಂದಿನಿಂದ ಐರನ್‌ಗಳಲ್ಲಿ ಅಘೋಷಿತ ವರ್ಣವ್ಯವಸ್ಥೆಯೊಂದು ನೆಲೆಗೊಂಡಿದೆ. ಮೇಲೆ ಬ್ಲೇಡ್, ಅದರ ಕೆಳಗೆ ಸಣ್ಣ ಗುಳಿಯ, ಪಳಗಿದವರ ಐರನ್, ಆಮೇಲೆ ಆಟ ಸುಧಾರಿಸುವವು ಎಂದು ಕರೆಯಲಾಗುವ ಅಗಲ ಅಡಿಯ ದಪ್ಪ ತಲೆಗಳು. ಈ ಕೊನೆಯವುಗಳಲ್ಲಿ ತೂಕ ಕೆಳಗಿದ್ದು ಚೆಂಡು ಬೇಗ ಏರುತ್ತದೆ. ಮುಖ ಹಿಡಿಗಿಂತ ತುಸು ಹಿಂದಿದ್ದು, ಬಲಕ್ಕೆ ಓಡುವ ಚೆಂಡನ್ನು ಅಷ್ಟಿಷ್ಟು ತಿದ್ದುತ್ತದೆ. ಅಗಲ ಅಡಿ ನೆಲಕ್ಕೆ ಹೂತುಹೋಗದೆ ಜಾರುತ್ತದೆ. ಒಂದು ಮೋಸವೂ ಇದೆ. 7-ಐರನ್‌ನ ವಾಲು ಹಿಂದೆ ಸುಮಾರು 36 ಡಿಗ್ರಿ ಇರುತ್ತಿತ್ತು. ಇಂದು ಹೊಸಬರ ಸೆಟ್‌ನಲ್ಲಿ 30ಕ್ಕೂ ಕೆಳಗೆ ಇಳಿದಿರುವುದುಂಟು. ಹಳೆಯ 5-ಐರನ್‌ಗೆ 7 ಎಂದು ಕೆತ್ತಿ, ನೋಡಿ ಎಷ್ಟು ದೂರ ಹೋಯಿತು ಎಂದು ಅಂಗಡಿಯಲ್ಲಿ ಹೇಳಿದರೆ ಹಿಗ್ಗದವರು ಯಾರು? ನಮ್ಮನ್ನು ಕೇಳಿದರೆ, ಅಂಗಡಿಗೆ ಹೋಗುವವರು ಅಂಕಿ ಹೇಳುವ ಮುನ್ನ ಐರನ್‌ನ ಮುಖಕ್ಕೆ ಪೌಡರ್ ಸವರಿ ಹತ್ತು ಚೆಂಡು ಹೊಡೆದು ನೋಡಲಿ. ಗುರುತುಗಳು ಒಂದೆಡೆ ಗುಂಪಾಗಿದ್ದರೆ ಸಣ್ಣ ತಲೆಗೂ ಆಸೆಪಡಬಹುದು. ಮುಖದ ತುಂಬ ಚದುರಿದ್ದರೆ ಗುಳಿಯ ಬೆನ್ನೇ ಸರಿ, ಅದರಲ್ಲಿ ನಾಚಿಕೆಯೇನಿಲ್ಲ. ಪಿಂಗ್ ಐರನ್‌ಗಳಲ್ಲೇ ಆಡಿದ ಲೀ ವೆಸ್ಟ್‌ವುಡ್ 2010ರ ಕೊನೆಯಲ್ಲಿ ಟೈಗರ್ ವುಡ್ಸ್‌ರನ್ನು ಹಿಂದಿಕ್ಕಿ ವಿಶ್ವದ ಮೊದಲನೆಯ ಆಟಗಾರರಾದರು. ವುಡ್ಸ್ ಕೈಯಲ್ಲಿದ್ದದ್ದು ಬ್ಲೇಡ್.

ಈ ಎಲ್ಲ ಆಯ್ಕೆಯೂ ಆರಿಸಬಲ್ಲವರಿಗೆ. ಚೆಂಬೂರಿನಲ್ಲಿ, ಗಿಂಡಿಯಲ್ಲಿ, ದಿಲ್ಲಿಯ ಹಳೆಯ ಗೋರಿಗಳ ನಡುವೆ ಗಾಲ್ಫಿನ ಹಸಿರನ್ನು ನಮ್ಮಲ್ಲಿ ಹೆಚ್ಚಿನವರು ಕಂಡಿರುವುದು ಬೇಲಿಯ ಹೊರಗಿನಿಂದ. ಕಲ್ಕತ್ತೆಯ ಕ್ಲಬ್ 1829ರದು, ಬೆಂಗಳೂರಿನದು 1876ರದು. ಇಷ್ಟು ಹಳೆಯ ಆಟವಾಗಿದ್ದರೂ ನಮ್ಮ ದೇಶದಲ್ಲಿ ಅದನ್ನು ಬೇಲಿಯ ಒಳಗಿದ್ದು, ಸದಸ್ಯರಾಗದೆ ಕಲಿತವರೆಂದರೆ ಕ್ಯಾಡಿಗಳು. ಅವರ ಕೈಗೆ ಬಂದದ್ದು ಯಾರೋ ಬಿಸಾಡಿದ ಒಂಟಿ ಐರನ್. ಅದರ ತಲೆಯ ಕೋನ ಅವರ ಎತ್ತರಕ್ಕೆ ಹೊಂದುತ್ತದೆಯೇ, ಹಿಡಿಯ ಬಾಗು ಅವರ ಬೀಸಿಗೆ ಸರಿಯೇ ಎಂದು ಯಾರೂ ಅಳೆದು ನೋಡಲಿಲ್ಲ. ದಿಲ್ಲಿಯಲ್ಲಿ ಹಾಗೆ ಬೆಳೆದ ಅಲಿ ಶೇರ್ 1991ರಲ್ಲಿ ಇಂಡಿಯನ್ ಓಪನ್ ಗೆದ್ದ ಮೊದಲ ಭಾರತೀಯ ವೃತ್ತಿಪರ ಆಟಗಾರರಾದರು. 1993ರಲ್ಲಿ ಮತ್ತೊಮ್ಮೆ ಗೆದ್ದರು. ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದ ಸಿ. ಮುನಿಯಪ್ಪ 2009ರಲ್ಲಿ ಅದೇ ಪ್ರಶಸ್ತಿಯನ್ನು ಎತ್ತಿದರು. ಇದನ್ನು ನೋಡಿ ಉಪಕರಣವೇ ಬೇಡ, ಬಡತನವೇ ಗುರು ಎಂದು ಕೊಂಡಾಡುವವರಿದ್ದಾರೆ. ನಮಗೆ ಹಾಗನ್ನಿಸುವುದಿಲ್ಲ. ಗೆದ್ದವರ ಹೆಸರು ನಮಗೆ ಗೊತ್ತು. ಹೊಂದದ ಕೋಲು ಹಿಡಿದು ಕೈ ಕೆಡಿಸಿಕೊಂಡವರು ಎಷ್ಟು ಮಂದಿಯೋ, ಅವರ ಲೆಕ್ಕವನ್ನು ಇಟ್ಟವರಿಲ್ಲ.

ಸ್ಪೇನಿನ ಪೆಡ್ರೆನ್ಯಾ ಊರಿನ ಕಡಲ ದಂಡೆಯ ಮರಳಿನಲ್ಲಿ ಹುಡುಗನಾಗಿದ್ದ ಸೆವೆ ಬಾಯೆಸ್ಟೆರೋಸ್ ಒಂದೇ ಒಂದು ಹಳೆಯ 3-ಐರನ್ ಹಿಡಿದು ಎಲ್ಲ ಬಗೆಯ ಹೊಡೆತಗಳನ್ನೂ ಕಲಿತರು. ಮುಂದೆ ಮೂರು ಬಾರಿ ಬ್ರಿಟಿಷ್ ಓಪನ್, ಎರಡು ಬಾರಿ ಮಾಸ್ಟರ್ಸ್ ಗೆದ್ದರು. ಇಂದು ಹೊಸಬರಿಗೆಂದು ಮಾರುವ ಸೆಟ್‌ಗಳು ಸಾಮಾನ್ಯವಾಗಿ 5ರಿಂದಲೋ 6ರಿಂದಲೋ ಆರಂಭವಾಗುತ್ತವೆ. 3-ಐರನ್ ಅವುಗಳಲ್ಲಿ ಇರುವುದಿಲ್ಲ. ಹೋಗನ್ ಮೆರಿಯನ್‌ನಲ್ಲಿ ಬೀಸಿದ 1-ಐರನ್ ಅಮೆರಿಕದ ಗಾಲ್ಫ್ ಸಂಸ್ಥೆಯ ಸಂಗ್ರಹಾಲಯದಲ್ಲಿದೆ.